ಮೇಷ್ಟ್ರಿಗೊಂದು ಟ್ಯಾಬು

ಎಲ್ಲದಕ್ಕೂ ಕಾರಣ ಗೋಡೆ ಗಡಿಯಾರ.

ಗುಬ್ಬಿಯ ಆ ಅನುದಾನಿತ ಪ್ರೌಢಶಾಲೆಯಲ್ಲಿ ಯಾರೇ ನಿವೃತ್ತರಾಗಲಿ, ಸಿಬ್ಬಂದಿಯ ಕಡೆಯಿಂದ ಶಾಲು, ಹಾರ, ಹಣ್ಣಿನ ಬುಟ್ಟಿ, ಜೊತೆಗೊಂದು ಗೋಡೆ ಗಡಿಯಾರ ಕೊಟ್ಟು ಕಳಿಸುವುದು ವಾಡಿಕೆ. ಇನ್ನು ಮೇಲೆ ಹೊತ್ತು ನೋಡಿಕೊಂಡು ಓಡಬೇಕಾದ ಕೆಲಸವೇ ಇಲ್ಲದವರಿಗೆ ಗಡಿಯಾರ ಯಾಕೆ ಎಂದು ಯಾರೂ ಕೇಳಿದವರಲ್ಲ. ಈ ಸಲ ನಿವೃತ್ತರಾಗುತ್ತಿದ್ದ ಮುಖ್ಯೋಪಾಧ್ಯಾಯ ಸೀತಾರಾಮಯ್ಯನವರು ಮಾತ್ರ ಮೊದಲೇ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ಕೈ ಮುಗಿದರು.

"ಗಡಿಯಾರ ಒಂದು ಬೇಡ ಕಣ್ರಪ್ಪ. ಕುಣಿಗಲ್ ಮನೇಲಿ ರೂಮಿಗೊಂದೊಂದು ನೇತಾಕಿದೀವಿ. ಒಂದೊಂದೂ ಒಂದೊಂದು ಟೈಮ್ ತೋರಿಸುತ್ತೆ. ಯಾವ ರೂಮಿನ ಟೈಮಿಗೆ ಊಟ ಬಡಿಸ್ಲಿ ಅಂತ ನಮ್ಮನೆಯವಳು ಕೇಳ್ತಾಳೆ."

ಅವರು ಅತ್ತ ಹೋದಮೇಲೆ ಇತ್ತ ಚರ್ಚೆ ಶುರುವಾಯಿತು. ಬೆಳ್ಳಿ ದೀಪ ಎಂದರು ಒಬ್ಬರು, ಸೂಟ್‌ಕೇಸ್ ಎಂದರು ಇನ್ನೊಬ್ಬರು. ಕೊನೆಗೆ ಶಶಿಕಲಾ ಮೇಡಂ ಕನ್ನಡಕ ತೆಗೆದು ಒರೆಸುತ್ತಾ, "ಒಂದು ಟ್ಯಾಬ್ ಕೊಡೋಣ. ದೊಡ್ಡ ಸ್ಕ್ರೀನು, ಪೇಪರ್ ಓದ್ಕೋತಾರೆ" ಎಂದರು. ಸೋಮವಾರದಿಂದ ಮುಖ್ಯೋಪಾಧ್ಯಾಯರ ಕುರ್ಚಿಯ ಪ್ರಭಾರ ಅವರದೇ ಆದ್ದರಿಂದ ಆ ಮಾತಿಗೆ ಆಗಲೇ ಒಂದು ತೂಕ ಬಂದಿತ್ತು. ಸರಿ, ಟ್ಯಾಬು. ಆದರೆ ಯಾವುದು? ಎಲ್ಲರ ಕತ್ತೂ ಆಫೀಸ್ ರೂಮಿನ ಮೂಲೆಯತ್ತ ತಿರುಗಿತು. ಅಲ್ಲಿ ಕಂಪ್ಯೂಟರಿನ ಹಿಂದೆ ಅರ್ಧ ಅವಿತುಕೊಂಡು ಮೈತ್ರೇಯಿ ಕೂತಿದ್ದಳು.

ಮೈತ್ರೇಯಿ ತುಮಕೂರಿನ ಉಪ್ಪಾರಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ. ಪದವಿ ಮುಗಿಸಿ ಶಾಲೆಯ ಆಫೀಸು ಕೆಲಸಕ್ಕೆ ಸೇರಿದ್ದಳು. ಮಾತು ಕಡಿಮೆ. ಕಡಿಮೆ ಎಂದರೆ, ಬಸ್ಸಿನಲ್ಲಿ ಚಿಲ್ಲರೆ ಕೇಳುವುದಕ್ಕೂ ಎರಡು ಸ್ಟಾಪು ಯೋಚನೆ ಮಾಡುವಷ್ಟು. ಇತ್ತೀಚೆಗೆ ಅವಳಿಗೆ ಒಂದು ದಣಿವು ಅಂಟಿಕೊಂಡಿತ್ತು. ಆ ದಣಿವಿಗೆ ದೊಡ್ಡ ಕಾರಣವೇ ಇರಲಿಲ್ಲ, ತೊಂದರೆ ಇದ್ದದ್ದೇ ಅಲ್ಲಿ. ದೊಡ್ಡ ಕಾರಣವಿದ್ದಿದ್ದರೆ ಯಾರಿಗಾದರೂ ಹೇಳಿಕೊಳ್ಳಬಹುದಿತ್ತು.

ಕಾರಣ, ಸೀತಾರಾಮಯ್ಯನವರು ಮತ್ತು ಅವರ ಫೋನು.

ಮಧ್ಯಾಹ್ನ ಅವಳು ಡಬ್ಬಿಯ ಮುಚ್ಚಳ ತೆಗೆದು ಮೊದಲ ತುತ್ತು ಎತ್ತಿದಳೋ ಇಲ್ಲವೋ, ಪಕ್ಕದ ರೂಮಿನಿಂದ ದನಿ ಬರುತ್ತಿತ್ತು. "ಅಮ್ಮಾ ಮೈತ್ರೇಯಿ, ಒಂದು ನಿಮಿಷ ಬಾಮ್ಮ. ಇದ್ಯಾವುದೋ ಒಪ್ಪಿಗೆ ಕೊಡಿ ಅಂತ ಕೇಳ್ತಾ ಇದೆ. ಯಾರಿಗೆ ಕೊಡ್ತಿದೀನಿ ಅಂತ ಗೊತ್ತಿಲ್ದೆ ಒಪ್ಪಿಗೆ ಹೆಂಗಮ್ಮ ಕೊಡೋದು?" ಅವಳು ಹೋಗಿ ಒಂದು ಗುಂಡಿ ಒತ್ತುತ್ತಿದ್ದಳು. ಬರುವಷ್ಟರಲ್ಲಿ ಚಪಾತಿ ಬೂಟಿನ ಅಡಿಯ ಹಾಗಾಗಿರುತ್ತಿತ್ತು. ಕೂತಕೂಡಲೇ ಮತ್ತೆ, "ಅಮ್ಮಾ ಮೈತ್ರೇಯಿ..."

ಬೈಯುವ ಮನುಷ್ಯನಾಗಿದ್ದರೆ ಸುಲಭವಿತ್ತು, ಒಳಗೊಳಗೇ ತಿರುಗಿ ಬೈಯಬಹುದಿತ್ತು. ಸೀತಾರಾಮಯ್ಯನವರು ತಮ್ಮ ಬಾಳೆಹಣ್ಣಿನಲ್ಲಿ ಅರ್ಧ ಮುರಿದು ಕೊಟ್ಟು, "ನೀನಿಲ್ದಿದ್ರೆ ನನ್ನ ಗತಿ ಏನಮ್ಮ" ಎನ್ನುವ ಮನುಷ್ಯ. ಅಂಥವರ ಮೇಲೆ ಸಿಟ್ಟು ಮಾಡಿಕೊಂಡರೆ ಸಿಟ್ಟಿಗೇ ನಾಚಿಕೆಯಾಗುತ್ತದೆ.

ಈಗ ಅವರು ನಿವೃತ್ತರಾಗಿ ಕುಣಿಗಲ್ಲಿನ ಸ್ವಂತ ಮನೆಗೆ ಹೋಗುವವರಿದ್ದರು. ಶಶಿಕಲಾ ಮೇಡಂ ಫೋನನ್ನು ಕಣ್ಣು ಮುಚ್ಚಿಕೊಂಡೇ ಬಳಸುವವರು, ಅವರಿಂದ ಉಪದ್ರವವಿಲ್ಲ. ಸೋಮವಾರದಿಂದ ಬಿಸಿ ಚಪಾತಿ. ಇಷ್ಟೇ ಮೈತ್ರೇಯಿಯ ಆಸೆ. ಒಂದೇ ಅಳುಕು ಎಂದರೆ ಕುಣಿಗಲ್ಲಿನಲ್ಲೂ ಫೋನು ಹೋಗುತ್ತದೆ. ಆದ್ದರಿಂದ ಅವರ ಕೈಗೆ ಹೋಗುವ ಟ್ಯಾಬು ಅಂತಿಂಥದ್ದಾಗಿರಬಾರದು. ಮುಟ್ಟಿದರೆ ಓಡಬೇಕು, ಹೇಳಿದರೆ ಕೇಳಬೇಕು. ಯಾವ ಕಾರಣಕ್ಕೂ ಅವರು ಇನ್ನೊಬ್ಬರನ್ನು ಕರೆಯುವಂತಾಗಬಾರದು.

ಹೀಗಾಗಿ ಬೀಳ್ಕೊಡುಗೆಯ ದಿನವಾದ ಆ ಶನಿವಾರ ಬೆಳಿಗ್ಗೆ ಮೈತ್ರೇಯಿ, ಜೊತೆಗೆ ಶಶಿಕಲಾ ಮೇಡಂ ಮತ್ತು ಪಿ.ಟಿ. ಮೇಷ್ಟ್ರು ಭೀಮರಾಜ್, ತುಮಕೂರಿನ ಎಂ.ಜಿ. ರಸ್ತೆಯ ಒಂದು ಮೊಬೈಲ್ ಅಂಗಡಿಯಲ್ಲಿ ನಿಂತಿದ್ದರು.

ಅಂಗಡಿಯ ಹುಡುಗ ಶಮಂತ್ ಎರಡು ಟ್ಯಾಬುಗಳನ್ನು ಗಾಜಿನ ಮೇಲೆ ಜೋಡಿಸಿಟ್ಟ. ಒಂದು ಅಗ್ಗದ್ದು. ಇನ್ನೊಂದು ದುಬಾರಿಯದು. ನೋಡಲು ಎರಡೂ ಒಂದೇ ತಾಯಿಯ ಮಕ್ಕಳಂತಿದ್ದವು.

"ಯಾವ್ದು ತಗೊಂಡ್ರೂ ಒಂದೇ ಅಲ್ವೇನಯ್ಯ?" ಎಂದರು ಭೀಮರಾಜ್.

"ಒಂದೇ ಸಾರ್. ಬಳಸೋತನಕ ಒಂದೇ" ಎಂದ ಶಮಂತ್.

ಭೀಮರಾಜರಿಗೆ ಈ ವಿಷಯದಲ್ಲಿ ಸ್ಪಷ್ಟವಾದ ನಿಲುವಿತ್ತು. ಅಗ್ಗದ್ದು ಕೊಂಡರೆ ಉಳಿದದ್ದರಲ್ಲಿ ಸಂಜೆ ಎಲ್ಲರಿಗೂ ಹೋಳಿಗೆ ಊಟ, ದುಬಾರಿಯದಾದರೆ ಚಿತ್ರಾನ್ನ. ಇಷ್ಟು ಸರಳವಾದ ವಿಷಯಕ್ಕೆ ಮೂರು ಜನ ಅಂಗಡಿಯ ತನಕ ಬಂದದ್ದೇ ಅವರಿಗೆ ಅತಿಯಾಗಿ ಕಂಡಿತ್ತು. ಅವರು ಎರಡನ್ನೂ ಎರಡು ಅಂಗೈಯಲ್ಲಿಟ್ಟು ಗುಂಡು ಎಸೆತದ ಗುಂಡಿನ ಹಾಗೆ ತೂಗಿ ನೋಡಿದರು.

"ಅಗ್ಗದ್ದೇ ಭಾರ ಇದೆ. ಭಾರ ಇದ್ಮೇಲೆ ಒಳಗೆ ಮಾಲು ಜಾಸ್ತಿ ಇದೆ ಅಂತ ತಾನೆ?"

"ಬಾಡಿ ಗಟ್ಟಿ ಸಾರ್ ಅದು. ಕೈ ತಪ್ಪಿ ಬಿದ್ರೂ ಏನಾಗಲ್ಲ."

ಅವನು ಹೇಳಿ ಬಾಯಿ ಮುಚ್ಚುವ ಮೊದಲೇ ಭೀಮರಾಜ್ ಅಗ್ಗದ್ದನ್ನು ನೆಲಕ್ಕೆ ಬಿಟ್ಟರು. ಧಡ್ ಎಂದಿತು. ಬೇರೇನೋ ಕೊಳ್ಳಲು ಬಂದಿದ್ದವರೆಲ್ಲ ಸುತ್ತುಗಟ್ಟಿದರು. ಎತ್ತಿ ನೋಡಿದರೆ ಒಂದು ಗೆರೆ ಬಿದ್ದಿರಲಿಲ್ಲ. ಯಾರೋ ಚಪ್ಪಾಳೆ ತಟ್ಟಿದರು.

"ನೋಡಿ, ಇದು ಪೈಲ್ವಾನ! ಈಗ ಆ ಇನ್ನೊಂದನ್ನೂ..." ಎಂದು ಭೀಮರಾಜ್ ದುಬಾರಿಯದರ ಕಡೆ ಕೈ ಚಾಚಿದರು. ಶಮಂತ್ ಅದನ್ನು ಹಸುಗೂಸಿನಂತೆ ಎದೆಗವಚಿಕೊಂಡು ಗೋಡೆಗಂಟಿ ನಿಂತ.

ಶಶಿಕಲಾ ಮೇಡಂ ಎರಡರ ಕಪ್ಪು ಗಾಜಿನಲ್ಲೂ ತಮ್ಮ ಮುಖ ನೋಡಿಕೊಂಡು, "ಇದ್ರಲ್ಲಿ ಸ್ವಲ್ಪ ತೆಳ್ಳಗೆ ಕಾಣ್ತೀನಿ ಕಣೇ" ಎಂದು ದುಬಾರಿಯದಕ್ಕೆ ಅರ್ಧ ಮತ ಹಾಕಿದರು. ಆದರೆ ಹೋಳಿಗೆಯ ಮೇಲೆ ಅವರಿಗೂ ಮನಸ್ಸಿತ್ತು. ಉಳಿದರ್ಧ ಮತ ಅತ್ತ ಹೋಯಿತು.

ಮೈತ್ರೇಯಿ ಅಗ್ಗದ್ದರ ಗುಂಡಿ ಒತ್ತಿದಳು. ಅದು ಭಾನುವಾರ ಬೆಳಿಗ್ಗೆ ಎಬ್ಬಿಸಿದ ಹುಡುಗನ ಹಾಗೆ ಒಂದು ಸಲ ಕಣ್ಣು ಬಿಟ್ಟಿತು, ಮುಚ್ಚಿತು, ಮತ್ತೆ ಬಿಟ್ಟಿತು. ಅಕ್ಷರ ಒತ್ತಿದರೆ ಯೋಚಿಸಿತು. ಇನ್ನೊಮ್ಮೆ ಒತ್ತಿದರೆ, ಆಮೇಲೆ ನೆನಪಾದವರಂತೆ ಎರಡು ಅಕ್ಷರ ಒಟ್ಟಿಗೇ ಕೊಟ್ಟಿತು. ಅದು ಯೋಚಿಸುತ್ತಿದ್ದ ಆ ಹೊತ್ತಿನಲ್ಲಿ ಮೈತ್ರೇಯಿಯ ಕಿವಿಯಲ್ಲಿ 'ಅಮ್ಮಾ ಮೈತ್ರೇಯಿ' ಎಂಬ ದನಿ ನಾಲ್ಕು ಸಲ ಕೇಳಿಸಿತು. ದುಬಾರಿಯದನ್ನು ಮುಟ್ಟಿದಳು. ಅದು ಹೊಸದಾಗಿ ಕೆಲಸಕ್ಕೆ ಸೇರಿದವನ ಹಾಗೆ, ಕರೆಯುವ ಮೊದಲೇ ಎದ್ದು ನಿಂತಿತು.

"ಇದೇ ಇರ್ಲಿ ಸಾರ್" ಎಂದಳು.

"ಯಾಕಮ್ಮ?"

"ಸಾರ್‌ಗೆ ಗೌರವ ಇರುತ್ತೆ."

"ಹೋಳಿಗೇಲಿ ಗೌರವ ಇಲ್ವಾ?"

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಶಾಲೆಯ ಲ್ಯಾಂಡ್‌ಲೈನು. ಅತ್ತ ಸೀತಾರಾಮಯ್ಯನವರು. ಟ್ಯಾಬಿನ ವಿಷಯ ಅವರಿಗೆ ಗುಟ್ಟಾಗಿತ್ತು, ಇವರು ಮೂವರೂ ಯಾವುದೋ ತರಬೇತಿಗೆ ಹೋಗಿದ್ದಾರೆಂದು ಹೇಳಿಸಿದ್ದರು.

"ಅಮ್ಮಾ ಮೈತ್ರೇಯಿ, ಸಂಜೆ ಭಾಷಣಕ್ಕೆ ಮುಖ ಹೆಂಗಿದೆ ಅಂತ ಫೋನಲ್ಲಿ ನೋಡ್ಕೊಳೋಣ ಅಂತ ತೆಗೆದೆ. ತಲೆಕೆಳಗಾಗಿ ಕಾಣ್ತಾ ಇದೀನಿ."

ಮೈತ್ರೇಯಿಗೆ ಎಂದೂ ಹೊಳೆಯದ ಒಂದು ಉಪಾಯ ಹೊಳೆಯಿತು. "ಒಂದು ನಿಮಿಷ ಸಾರ್, ಭೀಮರಾಜ್ ಸಾರ್ ಇಲ್ಲೇ ಇದಾರೆ, ಅವ್ರು ಹೇಳ್ತಾರೆ" ಎಂದು ಫೋನನ್ನು ಭೀಮರಾಜರ ಕೈಗಿತ್ತಳು.

ಭೀಮರಾಜ್ ಎದೆ ಸೆಟೆಸಿ, "ಸಾರ್, ಫೋನ್ ತಿರುಗಿಸಿ ಹಿಡ್ಕೊಳಿ" ಎಂದರು.

"ತಿರುಗಿಸ್ದೆ ಭೀಮರಾಜ್. ಈಗ ನಾನು ಸರಿಯಾಗಿದೀನಿ, ಫೋನ್ ತಲೆಕೆಳಗಾಗಿದೆ."

"ಇರ್ಲಿ ಸಾರ್, ನೀವು ಸರಿ ಇದೀರಲ್ಲ."

"ಈಗ ನಾನೂ ಹೋದೆ. ಒಂದು ಕಾಗೆ ಬಂದಿದೆ."

"ಕಾಗೆ ಎಲ್ಲಿಂದ ಬಂತು ಸಾರ್?"

"ಅದು ಕಿಟಕಿ ಹೊರಗಿನ ಕಾಗೆ ಅನ್ಸುತ್ತೆ. ನಾನೆಲ್ಲಿ ಹೋದೆ ಹೇಳಪ್ಪ ಈಗ?"

ಭೀಮರಾಜ್ ಮೊದಲು ಅಂಗಡಿಯೊಳಗೆ ನಿಂತು ಹೇಳಿದರು, ಆಮೇಲೆ ಮೆಟ್ಟಿಲ ಮೇಲೆ ನಿಂತು ಹೇಳಿದರು, ಕೊನೆಗೆ ಫುಟ್‌ಪಾತಿನಲ್ಲಿ ಅತ್ತಿಂದಿತ್ತ ಓಡಾಡುತ್ತಾ ಆಟದ ಮೈದಾನದ ದನಿಯಲ್ಲಿ ಕೂಗಿದರು. ವಾಪಸ್ಸು ಬಂದಾಗ ಅಂಗಿ ಬೆವರಿನಲ್ಲಿ ಅಂಟಿಕೊಂಡಿತ್ತು.

"ಇವರಿಗೆ ಯಾವ್ದು ಕೊಟ್ರೂ ಅಷ್ಟೇ ಕಣಮ್ಮ" ಎಂದರು ಉಸಿರು ಬಿಡುತ್ತಾ.

"ಹಂಗಲ್ಲ ಸಾರ್" ಎಂದಳು ಮೈತ್ರೇಯಿ ತಲೆ ತಗ್ಗಿಸಿಯೇ. "ಒಳ್ಳೇದು ಕೊಟ್ರೆ ಅವ್ರ ಪಾಡಿಗೆ ಅವ್ರು ಇರ್ತಾರೆ. ಅಗ್ಗದ್ದು ಕೊಟ್ರೆ ದಿನಾ ಕೆಡುತ್ತೆ. ನಾನು ಫೋನ್ ತೆಗೀದಿದ್ರೆ ನಿಮಗೇ ಮಾಡ್ತಾರೆ. ಈಗ ರುಚಿ ನೋಡಿದಾರಲ್ಲ."

ಭೀಮರಾಜ್ ಅವಳನ್ನೇ ನೋಡಿದರು. "ನಿಂಗೆ ಬಾಯಿ ಇದೆ ಅಂತ ಇವತ್ತೇ ಗೊತ್ತಾಗಿದ್ದು ನೋಡಮ್ಮ" ಎಂದು, ಶಮಂತನ ಕಡೆ ತಿರುಗಿ, "ದುಬಾರೀದೇ ಕಟ್ಟಯ್ಯ" ಎಂದರು.

ಒಳಗಿನಿಂದ ಹೊಸ ಪೆಟ್ಟಿಗೆ ತಂದು ಕಟ್ಟಿಕೊಡುತ್ತಾ ಶಮಂತ್ ಒಂದು ಮಾತು ಹೇಳಿದ. "ಸೀಲ್ ಒಡೀದಿದ್ರೆ ಸಾಯಂಕಾಲದೊಳಗೆ ಬದಲಾಯಿಸ್ಕೋಬಹುದು ಸಾರ್. ಒಡೆದ್ರೆ ಆಯ್ತು, ನಿಮ್ಮದೇ." ಈ ಮಾತು ಭೀಮರಾಜರ ಕಿವಿಯಲ್ಲಿ ಉಳಿಯಿತು. ಮೈತ್ರೇಯಿಯ ಕಿವಿಯಲ್ಲೂ ಉಳಿಯಿತು.

ಗುಬ್ಬಿಯ ಬಸ್ಸಿನಲ್ಲಿ ಮೈತ್ರೇಯಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈ ಅಡ್ಡ ಹಿಡಿದಿದ್ದಳು. ಪಕ್ಕದಲ್ಲಿ ಕೂತ ಅಜ್ಜಿಯೊಬ್ಬಳು ಸೊಪ್ಪಿನ ಕುಕ್ಕೆಯನ್ನು ಕಾಲಡಿ ತಳ್ಳಿ, "ಏನವ್ವಾ, ಕೂಸು ಮಲಗಿಸ್ಕಂಡಂಗೆ ಹಿಡ್ಕಂಡಿದೀಯ? ಕೆಳೀಕ್ ಇಕ್ಕು ಬುಡು, ಕೈ ನೋಯ್ತವೆ" ಎಂದಳು. ಮೈತ್ರೇಯಿ ಇನ್ನೂ ಬಿಗಿಯಾಗಿ ಹಿಡಿದಳು.

ಅತ್ತ ಭೀಮರಾಜರ ಫೋನಿನಲ್ಲಿ ಸ್ಟಾಫಿನ ವಾಟ್ಸಾಪ್ ಗುಂಪು ಕುದಿಯುತ್ತಿತ್ತು. 'ಚಿತ್ರಾನ್ನವಂತೆ' ಎಂಬ ಸುದ್ದಿಯನ್ನು ಶಶಿಕಲಾ ಮೇಡಂ ಅಂಗಡಿಯ ಮೆಟ್ಟಿಲಿಳಿಯುವ ಮೊದಲೇ ಹಾಕಿಬಿಟ್ಟಿದ್ದರು. ಒಬ್ಬರು ಅಳುವ ಮುಖದ ಚಿತ್ರ ಕಳಿಸಿದ್ದರು. ಇನ್ನೊಬ್ಬರು, ಮನೆಯಲ್ಲಿ ರಾತ್ರಿ ಅಡುಗೆ ಬೇಡವೆಂದು ಹೇಳಿ ಬಂದಿರುವುದಾಗಿಯೂ ಇದಕ್ಕೆ ಹೊಣೆ ಯಾರೆಂದೂ ಕೇಳಿದ್ದರು. ಗಣಿತದ ಮೇಷ್ಟ್ರು ಬರೀ ಒಂದು ಹೋಳಿಗೆಯ ಫೋಟೋ ಹಾಕಿ ಸುಮ್ಮನಾಗಿದ್ದರು. ಭೀಮರಾಜರನ್ನು ಹೆಚ್ಚು ಕಲಕಿದ್ದು ಅದೇ.

ಹೆಗ್ಗೆರೆ ದಾಟುವಷ್ಟರಲ್ಲಿ ಅವರು ಎದ್ದು ನಿಂತರು. "ಇಳೀರಿ, ಇಳೀರಿ. ವಾಪಸ್ ಹೋಗಿ ಬದಲಾಯಿಸ್ಕೊಂಡು ಬರೋಣ. ಸೀಲ್ ಇನ್ನೂ ಇದೆಯಲ್ಲ!"

"ಭೀಮರಾಜ್, ಅಷ್ಟು ದೂರ ಬಂದಾಯ್ತು, ನಂಗೆ ಬಿಸಿಲು ಆಗಲ್ಲ" ಎಂದರು ಶಶಿಕಲಾ ಮೇಡಂ.

"ನೀವು ಗುಬ್ಬಿಗೆ ಹೋಗಿ ಮೇಡಂ. ನಾನು ಇಲ್ಲೇ ಇಳಿದು ಗಾಡಿ ಹಿಡ್ಕೊಂಡು ಒಂದೇ ಏಟಿಗೆ ಹೋಗ್ಬರ್ತೀನಿ. ಏನಮ್ಮಾ, ಕೊಡಿಲ್ಲಿ ಅದನ್ನ."

ಮೈತ್ರೇಯಿ ಪೆಟ್ಟಿಗೆಯನ್ನು ಕೊಂಚ ತನ್ನತ್ತ ಎಳೆದುಕೊಂಡಳು. ಬೇಡ ಎನ್ನುವುದು ಅವಳಿಗೆ ಬಾರದ ವಿದ್ಯೆ. ಆದರೆ ಬೇಡ ಎನ್ನದೆಯೇ ಬೇಡವಾಗಿಸುವ ದಾರಿಗಳಿರುತ್ತವೆ ಎಂಬುದು ಅಂದು ಅವಳಿಗೆ ಒಂದರ ಹಿಂದೊಂದು ಹೊಳೆಯುತ್ತಿತ್ತು.

"ಸಾರ್, ಒಂದು ಯೋಚನೆ" ಎಂದಳು. "ಇಷ್ಟು ಮಾಡಿ ಕೊಟ್ರೂ, ಯಾರು ಕೊಟ್ಟಿದ್ದು ಅಂತ ಅದರ ಮೇಲೆ ಎಲ್ಲೂ ಇರಲ್ವಲ್ಲ? ಶಾಲೆ ಫ್ಯಾನಿನ ಮೇಲೂ ಕೊಟ್ಟೋರ ಹೆಸರಿದೆ."

ಭೀಮರಾಜ್ ನಿಧಾನವಾಗಿ ಕೂತರು. "ಹೌದಲ್ವಾ?"

"ನಿಮ್ಮ ಹೆಸರು ಮೊದಲು ಹಾಕಿಸಿ ಸಾರ್. ಓಡಾಡಿದ್ದು ನೀವೇ ತಾನೆ. ಗುಬ್ಬಿ ಪೇಟೇಲಿ ಗುರುಸಿದ್ದಯ್ಯನೋರ ಪಾತ್ರೆ ಅಂಗಡಿ ಇದೆ. ಚೊಂಬಿನ ಮೇಲೆ, ತಟ್ಟೆ ಮೇಲೆ ಹೆಸರು ಕೆತ್ತುತಾರಲ್ಲ, ಹಂಗೇ ಇದರ ಬೆನ್ನ ಮೇಲೂ..."

ಶಶಿಕಲಾ ಮೇಡಂ ಕಿಟಕಿಯಿಂದ ತಲೆ ಈಚೆ ತೆಗೆದರು. "ನನ್ನ ಹೆಸರ ಮುಂದೆ ಎಂ.ಎ., ಬಿ.ಎಡ್. ಇರ್ಬೇಕು."

ಹೋಳಿಗೆ ಒಂದು ಹೊತ್ತಿನದು, ಕೆತ್ತಿದ ಹೆಸರು ಶಾಶ್ವತ. ಬಸ್ಸು ಗುಬ್ಬಿ ತಲುಪುವಷ್ಟರಲ್ಲಿ ಭೀಮರಾಜ್ ಗುಂಪಿಗೆ ಉತ್ತರ ಹಾಕಿಯಾಗಿತ್ತು: 'ಎಲ್ಲರ ಹೆಸರೂ ಬರುತ್ತದೆ.' ಕುದಿಯುತ್ತಿದ್ದ ಗುಂಪು ತಣ್ಣಗಾಗಿ, ಇನಿಷಿಯಲ್ಲುಗಳನ್ನು ಕಳಿಸತೊಡಗಿತು.

ಗುರುಸಿದ್ದಯ್ಯನವರ ಅಂಗಡಿಯಲ್ಲಿ ಮೈತ್ರೇಯಿ ಪೆಟ್ಟಿಗೆಯ ಸೀಲನ್ನು ತನ್ನ ಉಗುರಿನಿಂದಲೇ ಹರಿದಳು. ಚರ್ ಎಂದ ಆ ಸದ್ದು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ, ಬಿಸಿ ಚಪಾತಿಯ ಮೇಲೆ ತುಪ್ಪ ಬಿದ್ದಂತಾಯಿತು.

ಗುರುಸಿದ್ದಯ್ಯ ಟ್ಯಾಬನ್ನು ಕೈಗೆ ತೆಗೆದುಕೊಂಡು, ತಿರುಗಿಸಿ, ಬೆರಳಿನ ಗೆಣ್ಣಿನಿಂದ ಟಣ್ ಟಣ್ ಎಂದು ಬಡಿದು ನೋಡಿದರು.

"ಸ್ಟೀಲಲ್ಲ. ಅಲ್ಯೂಮಿನಿಯಮ್ಮು. ಇದಕ್ಕೆ ಅಂಚೇ ಇಲ್ವಲ್ಲ ತಾಯಿ, ಸಾರು ಹೆಂಗೆ ನಿಲ್ಲುತ್ತೆ?"

"ಇದು ತಟ್ಟೆ ಅಲ್ಲ ಗುರುಸಿದ್ದಯ್ಯ, ಟ್ಯಾಬು! ಕಂಪ್ಯೂಟ್ರು!" ಎಂದರು ಭೀಮರಾಜ್.

ಗುರುಸಿದ್ದಯ್ಯ ಅದನ್ನು ತಟ್ಟನೆ ಗಲ್ಲಾಪೆಟ್ಟಿಗೆಯ ಮೇಲಿಟ್ಟರು. "ನಾನು ಕೊಡಪಾನಕ್ಕೆ ಹಾಕಿದೀನಿ, ಗಂಗಾಳಕ್ಕೆ ಹಾಕಿದೀನಿ, ದೇವಸ್ಥಾನದ ಗಂಟೆಗೂ ಹಾಕಿದೀನಿ. ಜೀವ ಇರೋ ವಸ್ತುವಿಗೆ ಹಾಕಿಲ್ಲ. ಒಳಗೆ ಕರೆಂಟು ಇರುತ್ತೆ."

"ಮೇಲ್ಮೇಲೆ ಕೆತ್ತಿ ಸಾಕು" ಎಂದಳು ಮೈತ್ರೇಯಿ. ಅಂಗಡಿಯವರು ಅವಳನ್ನು ನೋಡಿದರು, ಶಶಿಕಲಾ ಮೇಡಂ ನೋಡಿದರು. ಅಷ್ಟು ದುಬಾರಿಯ ವಸ್ತುವಿನ ಬೆನ್ನಿಗೆ ಸೂಜಿ ಹಾಕಿಸಲು ಇಷ್ಟು ಅವಸರ ಪಡುವ ಹುಡುಗಿಯನ್ನು ಅವರಾರೂ ಕಂಡಿರಲಿಲ್ಲ. "ಏನಾದ್ರೂ ಆದ್ರೆ ನಾನಿದೀನಿ" ಎಂದೂ ಅವಳು ಸೇರಿಸಿದಳು.

ಜರ್‌ರ್ ಎಂದು ಯಂತ್ರದ ಸೂಜಿ ಓಡಿತು. ಮೈತ್ರೇಯಿಯ ಹಲ್ಲು ಜುಮ್ಮೆಂದಿತು. ಮೊದಲು 'ಶ್ರೀ ಸೀತಾರಾಮಯ್ಯನವರಿಗೆ' ಎಂದು ದುಂಡಗೆ ಬಂತು, ಸುತ್ತ ಎರಡು ಬಳ್ಳಿ, ಒಂದು ನವಿಲು. ನವಿಲು ಹಾಕಲು ಯಾರೂ ಹೇಳಿರಲಿಲ್ಲ. ಮದುವೆಯ ಪಾತ್ರೆಗಳಿಗೆ ಹಾಕಿ ಹಾಕಿ ಗುರುಸಿದ್ದಯ್ಯನವರ ಕೈ ತಾನಾಗಿ ಹಾಕಿಬಿಟ್ಟಿತ್ತು. ಆಮೇಲೆ ಭೀಮರಾಜ್. ಆಮೇಲೆ ಎಂ.ಎ., ಬಿ.ಎಡ್. ಸಮೇತ ಶಶಿಕಲಾ. ಆಮೇಲೆ ಫೋನಿನಲ್ಲಿ ಬರುತ್ತಲೇ ಇದ್ದ ಉಳಿದವರು. ಮುಗಿಯುವ ಹೊತ್ತಿಗೆ ಟ್ಯಾಬಿನ ಬೆನ್ನು ದೇವಸ್ಥಾನದ ಬಾಗಿಲಲ್ಲಿ ನೆಟ್ಟ ದಾನಿಗಳ ಕಲ್ಲಿನಂತಾಗಿತ್ತು. ಮೈತ್ರೇಯಿಯ ಹೆಸರಿಗೆ ಜಾಗ ಉಳಿಯಲಿಲ್ಲ. ಅವಳಿಗೆ ಬೇಸರವೇನೂ ಆಗಲಿಲ್ಲ. ತಿರುಗಿಸಿ ಗುಂಡಿ ಒತ್ತಿದಳು. ಬೆನ್ನ ಮೇಲೆ ಅಷ್ಟೆಲ್ಲ ಆಗಿದ್ದರೂ ಅದು ಏನೂ ಆಗದವರಂತೆ ಥಟ್ಟನೆ ಎದ್ದು ನಿಂತಿತು. ಒಳ್ಳೆಯದು ಒಳ್ಳೆಯದೇ.

ಇನ್ನು ಯಾವ ಭೀಮರಾಜನೂ ಇದನ್ನು ವಾಪಸ್ಸು ಕೊಡಿಸಲಾರ. ಶಾಲೆಯ ಕಡೆ ನಡೆಯುವಾಗ ಮೈತ್ರೇಯಿಗೆ ಕಾಲಿನ ನೋವು ಗೊತ್ತಾಯಿತು, ಬೆಳಗಿನಿಂದ ಏನೂ ತಿಂದಿಲ್ಲವೆಂಬುದೂ ಗೊತ್ತಾಯಿತು. ಆದರೂ ಬಹಳ ದಿನಗಳ ಮೇಲೆ ಆ ದಣಿವಿಗೊಂದು ಅರ್ಥವಿದೆ ಅನ್ನಿಸಿತು.

ಸಮಾರಂಭ ಸಮಾರಂಭಗಳ ಹಾಗೆಯೇ ನಡೆಯಿತು. ಪ್ರಾರ್ಥನೆ ಹಾಡಿದ ಹುಡುಗಿಯರು ಎರಡನೆಯ ಸಾಲಿನಲ್ಲಿ ನಕ್ಕರು. ಮೈಕು ಕುಯ್ ಎಂದಿತು. ಸೀತಾರಾಮಯ್ಯನವರ ತಲೆಗೆ ಪೇಟ ತೊಡಿಸಿದರೆ ಅದು ಕಣ್ಣಿನ ತನಕ ಇಳಿಯಿತು. ಮಾತಾಡಿದವರೆಲ್ಲ ಅವರ ಸರಳತೆಯನ್ನು ಹೊಗಳಿದರು. ಮುಂದಿನ ಸಾಲಿನಲ್ಲಿ ಕುಣಿಗಲ್ಲಿನಿಂದ ಬಂದಿದ್ದ ಅವರ ಹೆಂಡತಿ ಕೌಸಲ್ಯಮ್ಮನವರು ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು, ಇದೆಲ್ಲ ಬೇರೆ ಯಾರನ್ನೋ ಕುರಿತದ್ದು ಎಂಬಂತೆ ಕೇಳುತ್ತಿದ್ದರು.

ಕೊನೆಗೆ ಭೀಮರಾಜ್ ಟ್ಯಾಬನ್ನು ತಟ್ಟೆಯಲ್ಲಿಟ್ಟು ತಂದರು. ಮೈತ್ರೇಯಿ ಸಭಾಂಗಣದ ಕಂಬಕ್ಕೊರಗಿ ನಿಂತು ನೋಡುತ್ತಿದ್ದಳು. ಸೀತಾರಾಮಯ್ಯನವರು ಅದನ್ನೆತ್ತಿ ಬೆನ್ನು ತಿರುಗಿಸಿದರು. ಓದಿದರು. ಪೇಟವನ್ನು ಹಿಂದಕ್ಕೆ ತಳ್ಳಿ ಮತ್ತೆ ಓದಿದರು. ನವಿಲಿನ ಮೇಲೆ ಬೆರಳಾಡಿಸಿದರು. ಕಣ್ಣು ತುಂಬಿ ಬಂತು. ಮೈಕಿನ ಹತ್ತಿರ ಬಂದರು.

"ಇಷ್ಟು ಬೆಲೆಬಾಳೋದು ಕೊಡ್ತೀರಿ ಅಂತ ನಾನು ಅಂದ್ಕೊಂಡಿರಲಿಲ್ಲ. ಅದ್ರಲ್ಲೂ ಹೆಸರು ಕೆತ್ತಿಸಿ." ಪೇಟವನ್ನು ಮತ್ತೊಮ್ಮೆ ಹಿಂದಕ್ಕೆ ತಳ್ಳಿದರು. "ನೀವೆಲ್ಲ ಒಂದ್ಸಲ ಮೇಲೆ ನೋಡಿ. ಆ ಫ್ಯಾನಿನ ಮೇಲೆ ಕೊಟ್ಟವರ ಹೆಸರಿದೆ. ನೀವು ಕೂತಿರೋ ಬೆಂಚಿನ ಹಿಂದೆ ಹೆಸರಿದೆ. ಆಫೀಸಿನ ಬೀರುವಿನ ಮೇಲಿದೆ, ನೀರಿನ ಡ್ರಮ್ಮಿನ ಮೇಲಿದೆ. ಹೆಸರು ಹಾಕಿಸಿದ ಯಾವ ವಸ್ತುನೂ ಈ ಶಾಲೆಯಿಂದ ಒಬ್ಬರ ಮನೆಗೆ ಹೋಗಿಲ್ಲ. ನಾನು ಹೋಗೋಕೆ ಬಿಟ್ಟೂ ಇಲ್ಲ. ಈಗ ಹೋಗುವಾಗ ನಾನೇ ಹೆಂಗೆ ತಗೊಂಡ್ಹೋಗ್ಲಿ?"

ಮೈತ್ರೇಯಿ ಕಂಬ ಬಿಟ್ಟು ನೆಟ್ಟಗಾದಳು.

"ಸಾದಾ ಏನಾದ್ರೂ ಕೊಟ್ಟಿದ್ರೆ ಮನೆಗೆ ತಗೊಂಡು ಹೋಗ್ತಿದ್ದೆ. ಇದು ಇಲ್ಲೇ ಇರ್ಲಿ. ಶಾಲೆಯ ಆಸ್ತಿ."

ಚಪ್ಪಾಳೆ ಬಿತ್ತು. ಎಷ್ಟು ಜೋರಾಗಿ ಬಿತ್ತೆಂದರೆ, ಭೀಮರಾಜ್ ಕೂಡ ಹೋಳಿಗೆ ಮರೆತು ಕಣ್ಣೊರೆಸಿಕೊಂಡರು. ಶಶಿಕಲಾ ಮೇಡಂ ತಮ್ಮ ಹೆಸರು ಶಾಲೆಯಲ್ಲೇ ಉಳಿಯುವುದೆಂದು ಸಂತೋಷಪಟ್ಟರು.

ಹೋಗಲಿ, ಎಂದುಕೊಂಡಳು ಮೈತ್ರೇಯಿ ಕಂಬಕ್ಕೆ ಮತ್ತೆ ಒರಗುತ್ತಾ. ಟ್ಯಾಬು ಇಲ್ಲಿದ್ದರೆ ಇರಲಿ, ಶಶಿಕಲಾ ಮೇಡಂ ಬಳಸುತ್ತಾರೆ. ಸಾರ್ ಹಳೆಯ ಫೋನಿನ ಜೊತೆ ಕುಣಿಗಲ್ಲಿನಲ್ಲಿರುತ್ತಾರೆ. ದಿನಕ್ಕೆರಡು ಸಲ ಫೋನು ಬರಬಹುದು. ಎರಡು ಸಲ ಎಂದರೆ ಬದುಕಬಹುದು.

ಚಪ್ಪಾಳೆ ನಿಂತಿತು. ಸೀತಾರಾಮಯ್ಯನವರು ಮೈಕು ಬಿಟ್ಟಿರಲಿಲ್ಲ.

"ಆದ್ರೆ ಇಷ್ಟು ಪ್ರೀತಿಯಿಂದ ನನ್ನ ಹೆಸರಲ್ಲಿ ಕೊಟ್ಟಿದ್ದನ್ನ ನಾನು ಮುಟ್ಟದೇ ಇದ್ರೆ ನಿಮಗೆ ಅವಮಾನ ಮಾಡ್ದಂಗೆ. ಇಷ್ಟು ವರ್ಷ ಕಲಿಯೋಕೆ ಪುರುಸೊತ್ತಿರಲಿಲ್ಲ, ಇನ್ಮೇಲೆ ಪುರುಸೊತ್ತು ಬಿಟ್ರೆ ನನ್ನ ಹತ್ರ ಬೇರೇನೂ ಇಲ್ಲ. ಅದಕ್ಕೇ ನಿರ್ಧಾರ ಮಾಡಿದೀನಿ. ಸೋಮವಾರದಿಂದ ನಾನೇ ಬಂದು ಆಫೀಸ್ ರೂಮಲ್ಲಿ ಕೂತು, ಮೊದಲಿಂದ ಎಲ್ಲಾ ಕಲೀತೀನಿ. ಕಲಿಸೋಕೆ ನಮ್ಮ ಮೈತ್ರೇಯಿ ಇದಾಳಲ್ಲ."

ಎರಡನೆಯ ಚಪ್ಪಾಳೆ ಮೊದಲನೆಯದಕ್ಕಿಂತ ಜೋರಾಗಿತ್ತು. ಎಲ್ಲರೂ ಹಿಂದಕ್ಕೆ ತಿರುಗಿ ಅವಳನ್ನು ನೋಡಿದರು. ಮೈತ್ರೇಯಿ ಕೈ ಮುಗಿದಳು. ಬೇರೇನು ಮಾಡುವುದೆಂದು ತಿಳಿಯಲಿಲ್ಲ.

ಚಿತ್ರಾನ್ನದ ಎಲೆ ಹಿಡಿದು ಅವಳು ಒಂದು ಮೂಲೆ ಹುಡುಕಿಕೊಂಡಾಗ ಕೌಸಲ್ಯಮ್ಮನವರು ಹುಡುಕಿಕೊಂಡು ಬಂದರು. ಹಣ್ಣಿನ ಬುಟ್ಟಿಯಿಂದ ಒಂದು ದೊಡ್ಡ ಸೇಬು ಆರಿಸಿ ಅವಳ ಎಲೆಯ ಮೇಲಿಟ್ಟರು. ಅವರ ಮುಖದಲ್ಲಿ, ಬಹಳ ದಿನಗಳಿಂದ ಹೊತ್ತ ಭಾರವನ್ನು ಇಳಿಸಿದವರ ಗೆಲುವಿತ್ತು.

"ರಿಟೈರ್ ಆದ್ಮೇಲೆ ಇಡೀ ದಿನ ಇವ್ರು ಮನೇಲಿದ್ರೆ ಏನು ಗತಿನಪ್ಪಾ ಅಂತ ಒಂದು ವರ್ಷದಿಂದ ನಿದ್ದೆ ಇರಲಿಲ್ಲ ಕಣಮ್ಮ. ಒಳ್ಳೇ ಸಾಮಾನನ್ನೇ ಆರಿಸ್ದೆ, ನಿನ್ನ ಹೊಟ್ಟೆ ತಣ್ಣಗಿರ್ಲಿ" ಎಂದು ಅವಳ ಕೆನ್ನೆ ಸವರಿದರು. ಆಮೇಲೆ ಹತ್ತಿರ ಬಾಗಿ, ಮಗುವನ್ನು ಶಾಲೆಗೆ ಸೇರಿಸಲು ಬಂದವರ ದನಿಯಲ್ಲಿ ಹೇಳಿದರು.

"ಬೆಳಿಗ್ಗೆ ಡಬ್ಬಿ ಕೊಟ್ಟು ನಾನೇ ಕುಣಿಗಲ್ಲಲ್ಲಿ ಬಸ್ ಹತ್ತಿಸ್ತೀನಿ. ಸಾಯಂಕಾಲ ಕೈ ಹಿಡ್ಕೊಂಡು ವಾಪಸ್ ಹತ್ತಿಸೋದು ಮಾತ್ರ ನಿನ್ನ ಜವಾಬ್ದಾರಿ."